ಏರಿಯ ಮೇಲಿನ ಹಾದಿ
ಯಲಹಂಕದ ಕೆರೆ-ಬಯಲುಗಳು ಮತ್ತು ನಮ್ಮ ಆಟ-ಓಡಾಟದ ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ, ನಮ್ಮ ಗುರುಗಳ ಬಗ್ಗೆ ಬರೆಯೋಣವೆಂದೇ ಕುಳಿತಿದ್ದೆ. ಆದರೆ ಅದನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಹಳೆಯ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರೆ. ಶಾಲೆಯ ಕಾಂಪೌಂಡಿನ ಆಚೆಗಿದ್ದ ನಮ್ಮ ಇನ್ನೊಂದು ಶಾಲೆಯ ಬಗ್ಗೆ, ಅಂದರೆ ಕೆರೆ, ಬಯಲು, ಕಾಲುವೆಗಳ ಬಗ್ಗೆ ಬರೆಯೋಣವೆನ್ನಿಸಿತು. ಅದಕ್ಕೆ ಒಂದು ಸಣ್ಣ ಪ್ರಸಂಗವೂ ಕಾರಣವಾಯಿತು.

ಮಹೋತ್ಸವದ ಸಿದ್ಧತೆಗೆಂದು ಶಾಲೆಗೆ ಹೋಗಿದ್ದ ದಿನ, ಎಂಟನೇ ತರಗತಿಯ ಕೆಲವು ಮಕ್ಕಳ ಜೊತೆ ಯಲಹಂಕ ಕೆರೆಯ ಏರಿಯ ಮೇಲೆ ನಡೆದು ಬಂದೆ. ಈಗ ಅಲ್ಲಿ ನಡಿಗೆಯ ಹಾದಿ ಇದೆ, ಕೂರಲು ಬೆಂಚುಗಳಿವೆ, ಸುತ್ತ ಬೇಲಿ ಇದೆ. ಒಬ್ಬ ಹುಡುಗ ಬಹಳ ಸಹಜವಾಗಿ ಕೇಳಿದ: “ಸಾರ್, ಈ ಪಾರ್ಕಿಗೆ ಇಷ್ಟು ನೀರು ಯಾರು ತುಂಬಿಸಿದ್ದು?”

ನಗು ಬಂತು, ಆಮೇಲೆ ನಗು ನಿಂತಿತು. ಆ ಹುಡುಗನ ತಪ್ಪೇನೂ ಇಲ್ಲ. ಅವನು ಹುಟ್ಟುವ ಹೊತ್ತಿಗೆ ಕೆರೆ ಎಂದರೆ ವಾಯುವಿಹಾರದ ಜಾಗ ಎಂದಾಗಿತ್ತು. ಅವನ ಪ್ರಶ್ನೆಗೆ ಅಂದು ಅರ್ಧ ಉತ್ತರ ಕೊಟ್ಟೆ. ಉಳಿದರ್ಧ ಈ ಲೇಖನ.

ಕೆರೆ ಮೊದಲು, ಪಾರ್ಕು ಆಮೇಲೆ

ಯಲಹಂಕ ಬೆಂಗಳೂರಿಗಿಂತ ಹಳೆಯ ಊರು. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಈ ಸೀಮೆಯ ಹೆಸರು ‘ಇಲೈಪ್ಪಾಕ್ಕ ನಾಡು’. ವಿಜಯನಗರದ ಅಧೀನದಲ್ಲಿ ಇಲ್ಲಿ ಆಳಿದವರು ಯಲಹಂಕ ನಾಡಪ್ರಭುಗಳು. ಆ ವಂಶದ ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ-ಪೇಟೆಗಳನ್ನು ಕಟ್ಟಿಸಿದರೆಂಬುದು ನಾವೆಲ್ಲ ಓದಿದ ಪಾಠ. ಆ ಪಾಠದಲ್ಲಿ ಕೋಟೆಯ ಬಾಗಿಲುಗಳ ಹೆಸರಿನಷ್ಟೇ ಮುಖ್ಯವಾಗಿ ಇರಬೇಕಾದದ್ದು ಕೆರೆಗಳ ಹೆಸರು. ಏಕೆಂದರೆ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿ ಇಲ್ಲ. ಬಿದ್ದ ಮಳೆಯನ್ನು ಹಿಡಿದು ನಿಲ್ಲಿಸಿದರೆ ಊರು ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮ ಹಿರಿಯರು ಒಂಟಿ ಕೆರೆ ಕಟ್ಟಲಿಲ್ಲ, ಕೆರೆಗಳ ಸಾಲು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಯಲಹಂಕ ಕೆರೆಯ ಹೆಚ್ಚಿನ ನೀರು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿಯ ಕಡೆಗೆ, ಹಾಗೆಯೇ ಇಳಿಯುತ್ತಾ ಕೊನೆಗೆ ದಕ್ಷಿಣ ಪಿನಾಕಿನಿಗೆ. ನಮ್ಮ ಊರಿನ ಮನೆಯ ಸೂರಿನಿಂದ ಬಿದ್ದ ಹನಿ ತಮಿಳುನಾಡಿನ ಕಡಲು ಸೇರುತ್ತದೆ ಎಂದು ಭೂಗೋಳದ ಮೇಷ್ಟರು ಹೇಳಿದಾಗ ನಾವು ನಂಬಿರಲಿಲ್ಲ.

ಕೆರೆಯೆಂದರೆ ನೀರು ನಿಂತ ಹಳ್ಳವಷ್ಟೇ ಅಲ್ಲ. ನೀರನ್ನು ತಡೆಯುವುದು ಏರಿ. ಬೇಕಾದಾಗ ಹೊರಕ್ಕೆ ಬಿಡುವುದು ತೂಬು. ಹೆಚ್ಚಾದದ್ದು ಹೊರಹೋಗುವುದು ಕೋಡಿಯಲ್ಲಿ. ನೀರು ತರುವುದೂ ಒಯ್ಯುವುದೂ ರಾಜಕಾಲುವೆ. ಏರಿಯ ಕೆಳಗೆ ನೀರುಣ್ಣುವ ಗದ್ದೆ ಅಚ್ಚುಕಟ್ಟು. ಇವುಗಳಲ್ಲಿ ಯಾವುದನ್ನು ತೆಗೆದರೂ ಉಳಿದದ್ದು ಕೆರೆಯಲ್ಲ. ಇದನ್ನೆಲ್ಲ ನೋಡಿಕೊಳ್ಳಲು ನೀರುಗಂಟಿ ಇದ್ದ. ಯಾವ ಗದ್ದೆಗೆ ಯಾವ ಹೊತ್ತು ಎಷ್ಟು ನೀರು ಎಂಬುದು ಅವನ ಕೈಯಲ್ಲಿತ್ತು. ಸುಗ್ಗಿಯಲ್ಲಿ ಅವನಿಗೆ ಕಣದಿಂದ ಧಾನ್ಯ ಸಲ್ಲುತ್ತಿತ್ತು. ಬೇಸಿಗೆಯಲ್ಲಿ ರೈತರು ಕೆರೆಯ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಹೂಳೆತ್ತಿದ ಲೆಕ್ಕ.

ನಮ್ಮ ಕಾಲದ ವಿಹಾರ

‘ವಿಹಾರ’ ಎಂಬ ಪದವನ್ನು ನಾವು ಪಠ್ಯಪುಸ್ತಕದಲ್ಲಿ ಮಾತ್ರ ಕಂಡಿದ್ದೆವು. ನಮಗೆ ಆಟವೆಲ್ಲ ಕೆಲಸದ ಬೆನ್ನಿಗೇ ಅಂಟಿಕೊಂಡು ಬರುತ್ತಿತ್ತು. ಎಮ್ಮೆ ತೊಳೆಯಲು ಹೋದವನು ಈಜು ಕಲಿತ. ಬಟ್ಟೆ ಒಗೆಯುವ ತಾಯಂದಿರ ಜೊತೆ ಹೋದವರು ಕಪ್ಪೆಚಿಪ್ಪು ಆರಿಸಿದರು. ನಾನು ಈಜು ಕಲಿತದ್ದು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಒಂದು ದಿನ ನನ್ನ ಚಿಕ್ಕಪ್ಪ ಹೇಳದೆ ಕೇಳದೆ ಬುರುಡೆ ಬಿಚ್ಚಿಬಿಟ್ಟರು. ಮುಳುಗಲಿಲ್ಲ. ಆ ದಿನ ಬಂದ ಧೈರ್ಯ ಆಮೇಲೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ.

ಒಳ್ಳೆಯ ಮಳೆಯಾಗಿ ಕೋಡಿ ಬಿದ್ದ ದಿನ ಊರಿಗೇ ಹಬ್ಬ. ಹೆಂಗಸರು ಬಾಗಿನ ಬಿಡುತ್ತಿದ್ದರು, ನಾವು ಹುಡುಗರು ಕೋಡಿಯಲ್ಲಿ ಹಾರುವ ಮೀನು ಹಿಡಿಯಲು ಪಂಚೆ ಒಡ್ಡಿ ನಿಲ್ಲುತ್ತಿದ್ದೆವು. ಅಂದು ಶಾಲೆಗೆ ಬಂದವರು ಕಡಿಮೆ. ಹೆಡ್‌ಮಾಸ್ಟರು ಹಾಜರಿ ಕರೆದು, ಖಾಲಿ ಬೆಂಚುಗಳನ್ನು ನೋಡಿ, ಕೊನೆಗೆ ತಾವೂ ಕೋಡಿ ನೋಡಲು ಬಂದದ್ದು ನನ್ನ ತರಗತಿಯವರಿಗೆ ನೆನಪಿರಬಹುದು.

ನಮ್ಮ ಶಾಲೆಗೆ ಆಗ ಆಟದ ಮೈದಾನವಿರಲಿಲ್ಲ. ಬೇಸಿಗೆಯಲ್ಲಿ ಕೆರೆಯ ಅಂಗಳ ಒಣಗಿದ ಭಾಗವೇ ಮೈದಾನ. ಕಬಡ್ಡಿಗೆ ಅಷ್ಟು ಮೆತ್ತನೆಯ ನೆಲ ಯಾವ ಕ್ರೀಡಾಂಗಣದಲ್ಲೂ ಸಿಗದು. ಓಟದ ಪಂದ್ಯಕ್ಕೆ ಸುಣ್ಣದ ಗೆರೆ ಎಳೆದರೆ ಮರುದಿನ ದನಗಳ ಹೆಜ್ಜೆಯಲ್ಲಿ ಅದು ಅಳಿಸಿ ಹೋಗುತ್ತಿತ್ತು, ಮತ್ತೆ ಎಳೆಯುತ್ತಿದ್ದೆವು.

ದೂರದ ಓಡಾಟಗಳೂ ಇದ್ದವು. ಜಕ್ಕೂರಿನಲ್ಲಿ 1940ರ ದಶಕದ ಕೊನೆಯಲ್ಲಿ ಶುರುವಾದ ವಿಮಾನ ತರಬೇತಿ ಶಾಲೆ ಇತ್ತು, ಈಗಲೂ ಇದೆ. ಯಲಹಂಕದ ಇನ್ನೊಂದು ಬದಿಗೆ ಎರಡನೇ ಮಹಾಯುದ್ಧದ ಕಾಲದಿಂದ ಬಂದ ವಾಯುನೆಲೆ. ಚಿಕ್ಕ ವಿಮಾನ ನೆಲಕ್ಕೆ ಇಳಿದು, ನಿಲ್ಲದೆ ಮತ್ತೆ ಮೇಲೇರುವುದನ್ನು ಬೇಲಿಯ ಆಚೆಯಿಂದ ಎಣಿಸುತ್ತಾ ಕೂರುವುದು ನಮ್ಮ ಭಾನುವಾರ. 1996ರಿಂದ ಎರಡು ವರ್ಷಕ್ಕೊಮ್ಮೆ ವಾಯುನೆಲೆಯಲ್ಲಿ ನಡೆಯುವ ವೈಮಾನಿಕ ಪ್ರದರ್ಶನಕ್ಕೆ ಇಂದು ದೇಶವಿದೇಶದಿಂದ ಜನ ಬರುತ್ತಾರೆ. ನಮ್ಮ ಊರುಗಳವರು ಮಾತ್ರ ಮನೆಯ ತಾರಸಿಯ ಮೇಲೆ ನಿಂತೇ ನೋಡುತ್ತಾರೆ. ಒಳಗಿಗಿಂತ ಹೊರಗೇ ಚೆನ್ನಾಗಿ ಕಾಣುತ್ತದೆ ಎಂಬುದು ನಮ್ಮವರ ವಾದ.

ಮತ್ತೊಂದು ಆಕರ್ಷಣೆ ಚಿಕ್ಕ ರೈಲು. ಯಲಹಂಕದಿಂದ ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತಿದ್ದ ನ್ಯಾರೋ ಗೇಜ್ ಗಾಡಿ ಅದು. ಎಷ್ಟು ನಿಧಾನವೆಂದರೆ ಇಳಿದು ಹೊಲದ ಅವರೆಕಾಯಿ ಕಿತ್ತುಕೊಂಡು ಮತ್ತೆ ಹತ್ತಬಹುದೆಂದು ತಮಾಷೆ ಮಾಡುತ್ತಿದ್ದರು. ನಂದಿಬೆಟ್ಟಕ್ಕೆ ಶಾಲೆಯ ಪ್ರವಾಸ ಹೋದದ್ದು ಆ ಗಾಡಿಯಲ್ಲೇ. 1990ರ ದಶಕದಲ್ಲಿ ಹಳಿ ಅಗಲವಾಯಿತು, ಚಿಕ್ಕ ರೈಲು ಹೋಯಿತು. ಇಂದು ನಸುಕಿನಲ್ಲಿ ಅದೇ ದಿಕ್ಕಿಗೆ ಸೈಕಲ್ ಸವಾರರ ಗುಂಪು ಸಾಲುಗಟ್ಟಿ ಹೋಗುತ್ತದೆ.

ಇನ್ನೊಂದು ಪ್ರವಾಸ ಪಶ್ಚಿಮಕ್ಕೆ, ಹೆಸರಘಟ್ಟಕ್ಕೆ. ಅದು ಉಳಿದ ಕೆರೆಗಳಂತಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದೇ ಅರ್ಕಾವತಿ ನದಿಗೆ ಕಟ್ಟಿದ ಜಲಾಶಯ. ನೀರು ಇಟ್ಟಿಗೆಯ ಮುಚ್ಚುಗಾಲುವೆಯಲ್ಲಿ ಹರಿದು ಬಂದು, ಸೋಲದೇವನಹಳ್ಳಿಯಲ್ಲಿ ಉಗಿಯಂತ್ರದ ಬಲದಿಂದ ಮೇಲೇರಿ, 1896ರಲ್ಲಿ ಬೆಂಗಳೂರು ಸೇರಿತು. ನಗರದ ನಲ್ಲಿಯ ನೀರಿನ ಚರಿತ್ರೆ ಶುರುವಾಗುವುದು ಅಲ್ಲಿಂದ. ಕ್ರಮೇಣ ಅದು ಸಾಲದಾಗಿ 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಬಂದವು. ಹೆಸರಘಟ್ಟ 1990ರ ದಶಕದಿಂದಾಚೆ ಬಹುಕಾಲ ಒಣಗಿಯೇ ಇತ್ತು. ಅದರ ಪಕ್ಕದ ಹುಲ್ಲುಗಾವಲಿಗೆ ಇಂದು ಹಕ್ಕಿ ನೋಡುವವರು ಹೋಗುತ್ತಾರೆ. ಚಳಿಗಾಲದಲ್ಲಿ ದೂರದ ಉತ್ತರ ದೇಶಗಳಿಂದ ಸೆಳೆವಗಳು ಅಲ್ಲಿಗೆ ಬರುತ್ತವೆ. ಅದನ್ನು ‘ಬಂಜರು’ ಎಂದು ಬರೆದ ಕಡತವನ್ನು ನಂಬುವವರು ಒಮ್ಮೆ ಬೆಳಗಿನ ಹೊತ್ತು ಹೋಗಿ ನೋಡಬೇಕು.

ಉಪನಗರ ಬಂತು

1980ರ ದಶಕದಲ್ಲಿ ನಮ್ಮ ಸೀಮೆಯ ಚಹರೆ ಬದಲಾಯಿತು. 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚು ಕಾರ್ಖಾನೆ ಕೆಲಸ ಶುರುಮಾಡಿತು. ಗೃಹಮಂಡಳಿಯ ಮನೆಗಳು ಎದ್ದು ‘ಯಲಹಂಕ ಉಪನಗರ’ವೆಂಬ ಹೊಸ ಹೆಸರು ಬಂತು. ಈ ಬದಲಾವಣೆಯಿಂದ ನಮಗೆ ಒಳ್ಳೆಯದೂ ಆಯಿತು. ನನ್ನ ಸಹಪಾಠಿಗಳಲ್ಲಿ ಎಷ್ಟೋ ಮಂದಿಗೆ ಕೆಲಸ ಸಿಕ್ಕಿದ್ದು ಹೀಗೆ. ನಮ್ಮ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿದ್ದೂ ಆ ವರ್ಷಗಳಲ್ಲೇ. 2007ರಲ್ಲಿ ಯಲಹಂಕ ನಗರಸಭೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. ಮರುವರ್ಷ ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆ ನಮ್ಮ ಪಾಲಿಗೆ ದಾಟಲಾಗದ ಹೊಳೆಯಾಯಿತು.

ಈ ನಡುವೆ ಕೆರೆ ತನ್ನ ಕೆಲಸ ಕಳೆದುಕೊಂಡಿತು. ಕೊಳವೆಬಾವಿ ಬಂದ ಮೇಲೆ ತೂಬು ಬೇಡವಾಯಿತು. ಗದ್ದೆ ಸೈಟಾದ ಮೇಲೆ ಅಚ್ಚುಕಟ್ಟು ಬೇಡವಾಯಿತು. ಅಚ್ಚುಕಟ್ಟೇ ಇಲ್ಲದ ಮೇಲೆ ನೀರುಗಂಟಿಗೆ ಯಾರು ಧಾನ್ಯ ಕೊಡುತ್ತಾರೆ? ಕೆಲಸವಿಲ್ಲದ ಕೆರೆಗೆ ಊರು ಕೊಟ್ಟ ಹೊಸ ಕೆಲಸ ಚರಂಡಿ ನೀರು ಹೊರುವುದು. 1980ರ ದಶಕದಲ್ಲೇ ಎನ್. ಲಕ್ಷ್ಮಣ ರಾವ್ ಸಮಿತಿ ಬೆಂಗಳೂರಿನ ಕೆರೆಗಳನ್ನು ಒಡೆಯಬಾರದು, ಉಳಿಸಿಕೊಳ್ಳಬೇಕು ಎಂದು ಸರ್ಕಾರಕ್ಕೆ ಹೇಳಿತ್ತು. ಕೆರೆಯ ನೀರು ಮಾತ್ರ ವರ್ಷದಿಂದ ವರ್ಷಕ್ಕೆ ಕಪ್ಪಾಯಿತು. ಜೊಂಡು, ಅಂತರಗಂಗೆ ಮುಚ್ಚಿಕೊಂಡವು. ನನ್ನ ಮಕ್ಕಳು ಅದರೊಳಗೆ ಕಾಲಿಡಲಿಲ್ಲ. ಈಜು ಕಲಿಯಲು ಅವರು ದುಡ್ಡು ಕೊಟ್ಟು ಕೊಳಕ್ಕೆ ಹೋದರು.

ಕೆರೆಗೆ ಹೊಸ ಜೀವ

2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. ಆಮೇಲಿನ ಕೆಲವು ವರ್ಷ, ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟು ಉದ್ಧಾರ ಮಾಡುವ ಯೋಚನೆ ನಡೆಯಿತು. ನಮಗೆ ಹತ್ತಿರದ ಹೆಬ್ಬಾಳ, ನಾಗವಾರ ಕೆರೆಗಳೂ ಅದರಲ್ಲಿದ್ದವು. ದೋಣಿ, ತಿಂಡಿಯಂಗಡಿ, ಒಳಹೋಗಲು ಟಿಕೆಟ್. ದನ ಮೇಯಿಸುವವನಿಗೂ ಮೀನು ಹಿಡಿಯುವವನಿಗೂ ಟಿಕೆಟ್ ಏಕೆ ಎಂಬ ಪ್ರಶ್ನೆ ಎದ್ದಿತು. 2008ರಲ್ಲಿ ವಿಷಯ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್. ಕೆ. ಪಾಟೀಲ್ ಅವರ ಸಮಿತಿ ಕೆರೆಗಳ ಸ್ಥಿತಿ ನೋಡಿ ವರದಿ ಕೊಟ್ಟಿತು. 2012ರಲ್ಲಿ ಕೆರೆಗಳ ರಕ್ಷಣೆಗೆ ನ್ಯಾಯಾಲಯದ ಆದೇಶ ಬಂತು. ಇಂದು ನಾವು ಏರಿಯ ಮೇಲೆ ಜೇಬು ತಡಕದೆ ನಡೆಯುತ್ತಿದ್ದರೆ, ಅದರ ಹಿಂದೆ ಇಂಥ ಹೋರಾಟಗಳಿವೆ ಎಂಬುದನ್ನು ಮರೆಯಬಾರದು.

ನಮ್ಮ ಕಡೆಯ ಒಳ್ಳೆಯ ಉದಾಹರಣೆ ಜಕ್ಕೂರು ಕೆರೆ. ಅದರ ತಲೆಯ ಭಾಗದಲ್ಲಿ ಕೊಳಚೆ ನೀರು ಶುದ್ಧೀಕರಿಸುವ ಘಟಕ ಬಂತು. ಅದರ ಮೊದಲ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್. ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ, ಮೊದಲು ಜೊಂಡು ಬೆಳೆಸಿದ ಜೌಗಿನಲ್ಲಿ ನಿಧಾನವಾಗಿ ಸಾಗುತ್ತದೆ. ಬೇರುಗಳ ನಡುವೆ ಹೊಲಸು ಇನ್ನಷ್ಟು ಕಡಿಮೆಯಾಗಿ ಆಮೇಲೆ ಕೆರೆ ಸೇರುತ್ತದೆ. ಬೇಸಿಗೆಯಲ್ಲೂ ನೀರಿರುವುದು ಇದರಿಂದ. ಬೆಳಿಗ್ಗೆ ಹೋದರೆ ಮೀನುಗಾರರು ಬಲೆ ಬೀಸುವುದನ್ನೂ, ಹೆಜ್ಜಾರ್ಲೆಗಳು ಅವರ ಹಿಂದೆಯೇ ತೇಲುವುದನ್ನೂ ನೋಡಬಹುದು.

ಇನ್ನೊಂದು, ಯಲಹಂಕದ ಪುಟ್ಟೇನಹಳ್ಳಿ ಕೆರೆ. ಬೆಂಗಳೂರಿನ ದಕ್ಷಿಣದಲ್ಲೂ ಇದೇ ಹೆಸರಿನ ಕೆರೆ ಇರುವುದರಿಂದ ಹೊರಗಿನಿಂದ ಬರುವ ಹಳೆಯ ವಿದ್ಯಾರ್ಥಿಗಳು ಗೊಂದಲ ಮಾಡಿಕೊಳ್ಳಬಾರದು. ನಮ್ಮ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಾವಕ್ಕಿ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಆ ಸಣ್ಣ ಕೆರೆಯಲ್ಲಿ ಗೂಡು ಕಟ್ಟುತ್ತವೆ. ಊರು ಸುತ್ತ ಮುತ್ತಿಕೊಂಡರೂ ಅವು ಬಿಟ್ಟುಹೋಗಿಲ್ಲ.

ನೀರು ತನ್ನ ದಾರಿ ಕೇಳಿತು

ಈಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. 1990ರ ದಶಕದಲ್ಲಿ ನಾನೊಂದು ಸೈಟು ಕೊಂಡೆ. ಅದು ಹಳೆಯ ಗದ್ದೆಬಯಲು ಎಂದು ನನಗೆ ಗೊತ್ತಿತ್ತು. ಚಿಕ್ಕವನಿದ್ದಾಗ ಅದೇ ಬದುವಿನ ಮೇಲೆ ಏಡಿ ಹಿಡಿದಿದ್ದೆ. ಬೆಲೆ ಕಡಿಮೆ ಇತ್ತು, ಶಾಲೆಗೂ ರೈಲಿಗೂ ಹತ್ತಿರವಿತ್ತು, ಎಲ್ಲರೂ ಕೊಳ್ಳುತ್ತಿದ್ದರು. ಮನೆಯ ಪಕ್ಕದ ಕಾಲುವೆ ವರ್ಷದಿಂದ ವರ್ಷಕ್ಕೆ ಕಿರಿದಾಗುವುದನ್ನು ಕಂಡೆ. ನನ್ನ ಮನೆಯ ಮೆಟ್ಟಿಲೂ ಅದರ ಕಡೆಗೆ ಒಂದು ಅಡಿ ಚಾಚಿಕೊಂಡಿತು.

2021ರ ನವೆಂಬರಿನಲ್ಲಿ ಒಂದೇ ಸಮನೆ ಮಳೆ ಸುರಿದು ಯಲಹಂಕ ಕೆರೆ ಕೋಡಿ ಬಿದ್ದಿತು. ಕೋಡಿ ಬಿದ್ದರೆ ನೀರು ಜಕ್ಕೂರಿನ ಕಡೆಗೆ ಹೋಗಬೇಕು, ಹಿಂದೆಲ್ಲ ಹೋಗುತ್ತಿತ್ತು. ಈ ಬಾರಿ ಅಷ್ಟು ನೀರಿಗೆ ಸಾಲುವಷ್ಟು ದಾರಿ ಇರಲಿಲ್ಲ. ಬಳಿಯ ಒಂದು ದೊಡ್ಡ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಹೊರತಂದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. 2024ರ ಅಕ್ಟೋಬರಿನಲ್ಲಿ ಮತ್ತೆ ಹಾಗೆಯೇ ಆಯಿತು. ಕೆರೆಯಲ್ಲಿ ದೋಣಿ ವಿಹಾರ ಬೇಕೆಂದು ಮನವಿ ಕೊಟ್ಟವರಲ್ಲಿ ನಾನೂ ಒಬ್ಬ. ದೋಣಿ ಬಂತು, ಆದರೆ ರಸ್ತೆಯ ಮೇಲೆ ಬಂತು.

ನನ್ನ ಮನೆಯಲ್ಲಿ ಮೊಣಕಾಲವರೆಗೆ ನೀರು ನಿಂತಿತು. ಹಾಸಿಗೆ, ಅಕ್ಕಿ, ಕಾಗದಪತ್ರ ಹೋದವು. ಅವುಗಳ ಜೊತೆ ಹತ್ತನೇ ತರಗತಿಯ ಗ್ರೂಪ್ ಫೋಟೋ ಕೂಡ ಹೋಯಿತು. ಉಳಿದವನ್ನು ಮತ್ತೆ ಕೊಂಡೆ. ಫೋಟೋ ಎಲ್ಲಿ ಕೊಳ್ಳಲಿ?

ಆ ನೀರನ್ನು ‘ಪ್ರವಾಹ’ ಎಂದು ಎಲ್ಲರೂ ಕರೆದರು. ನಾನು ಹಾಗೆ ಕರೆಯಲಾರೆ. ಅದು ಹಳೆಯ ಗದ್ದೆಗೆ ಬಂದ ಹಳೆಯ ನೀರು. ದಾರಿಯಲ್ಲಿ ಕುಳಿತಿದ್ದವನು ನಾನು.

ಇದರಿಂದ ನಾನು ಕಲಿತದ್ದು ಇಷ್ಟು. ಕೆರೆಯಂಗಳಕ್ಕೆ ಬೇಲಿ ಹಾಕಿ, ನಡೆಯುವ ಹಾದಿ ಮಾಡಿ, ಹೂವಿನ ಗಿಡ ನೆಟ್ಟರೆ ವಿಹಾರದ ಜಾಗವೇನೋ ಆಗುತ್ತದೆ, ಅದು ಬೇಕೂ ಹೌದು. ಆದರೆ ಬೇಲಿಯ ಹೊರಗೆ ನೀರು ಬರುವ ಕಾಲುವೆ ಮತ್ತು ನೀರು ಹೋಗುವ ಕಾಲುವೆ ಉಳಿಯದಿದ್ದರೆ ಅದು ಕೆರೆಯಾಗಿ ಉಳಿಯುವುದಿಲ್ಲ. ಮಳೆ ಬಾರದ ವರ್ಷ ಹಳ್ಳ, ಬಂದ ವರ್ಷ ಗಂಡಾಂತರ. ಹಿಂದಿನವರು ಕೆರೆಯನ್ನು ಚೆನ್ನಾಗಿಟ್ಟುಕೊಂಡದ್ದು ಅದರಿಂದ ಅನ್ನ ಸಿಗುತ್ತಿತ್ತೆಂದು. ನಮಗೆ ಅದರಿಂದ ಅನ್ನ ಸಿಗುತ್ತಿಲ್ಲ, ಗಾಳಿ, ನಡಿಗೆ, ಹಕ್ಕಿ, ಸಂಜೆ ಸಿಗುತ್ತಿದೆ. ನೀರುಗಂಟಿಯ ಕೆಲಸವನ್ನು ಈಗ ಏರಿಯ ಮೇಲೆ ನಡೆಯುವವರೇ ಹಂಚಿಕೊಳ್ಳಬೇಕು. ವಾಯುವಿಹಾರಕ್ಕೆ ಬರುವವರು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಏರಿ ಬಿಟ್ಟು ಇಳಿದು ಕಾಲುವೆಯ ಜಾಡು ಹಿಡಿದು ನಡೆದರೆ ಸಾಕು. ಎಲ್ಲಿ ಕಟ್ಟಿಕೊಂಡಿದೆ, ಯಾರು ಕಟ್ಟಿಕೊಂಡಿದ್ದಾರೆ ಎಂಬುದು ಕಣ್ಣಿಗೇ ಕಾಣುತ್ತದೆ. ನನ್ನ ಮೆಟ್ಟಿಲನ್ನು ನಾನು ಒಡೆಸಿದ್ದೇನೆ. ಒಂದು ಅಡಿಯಿಂದ ಏನಾಗುತ್ತದೆ ಎಂದು ನೆರೆಯವರು ಕೇಳಿದರು. ಕಾಲುವೆ ಕಿರಿದಾದದ್ದೂ ಒಂದೊಂದೇ ಅಡಿಯಾಗಿ ಎಂದೆ.

ಕೊನೆಯಲ್ಲಿ ಎರಡು ಬಿನ್ನಹ

ಮೊದಲನೆಯದು ಶಾಲೆಯ ಅಧ್ಯಾಪಕರಿಗೆ ಮತ್ತು ಮಕ್ಕಳಿಗೆ. ಸುವರ್ಣ ಮಹೋತ್ಸವದ ನೆನಪಿಗೆ ಕಲ್ಲು ಹಾಕಿಸುವುದರ ಜೊತೆಗೆ ಒಂದು ನಕ್ಷೆ ಬರೆಯೋಣ. ಯಲಹಂಕ ಕೆರೆಯ ಕೋಡಿಯಿಂದ ಜಕ್ಕೂರು ಕೆರೆಯವರೆಗೆ ಮಕ್ಕಳು, ಹಿರಿಯರು ಒಟ್ಟಿಗೆ ನಡೆದು ಕಾಲುವೆಯನ್ನು ಗುರುತಿಸಲಿ. ತೂಬು ಎಲ್ಲಿತ್ತು, ಗೋಕಟ್ಟೆ ಎಲ್ಲಿತ್ತು, ಬಾವಿ ಯಾವ ಮನೆಯ ಕೆಳಗಿದೆ ಎಂದು ಹೇಳಬಲ್ಲವರು ಊರಲ್ಲಿ ಇನ್ನೂ ಕೆಲವರಿದ್ದಾರೆ. ಇನ್ನು ಹತ್ತು ವರ್ಷ ಕಳೆದರೆ ಕೇಳಲು ಯಾರೂ ಇರುವುದಿಲ್ಲ. ಆ ನಕ್ಷೆಯನ್ನು ವಾಚನಾಲಯದ ಗೋಡೆಗೆ ಹಾಕಿ, ಪ್ರತಿ ವರ್ಷ ಎಂಟನೇ ತರಗತಿಯವರು ಅದನ್ನು ಹಿಡಿದು ಒಮ್ಮೆ ನಡೆದು ಬರಲಿ. ಪಾರ್ಕಿಗೆ ನೀರು ಯಾರು ತುಂಬಿಸಿದರು ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚುತ್ತಿಲ್ಲ.

ಎರಡನೆಯದು ನನ್ನ ಸಹಪಾಠಿಗಳಿಗೆ. ಹತ್ತನೇ ತರಗತಿಯ ಆ ಫೋಟೋವನ್ನು ನಾವು ಶಾಲೆಯ ಮುಂದೆ ತೆಗೆಸಿರಲಿಲ್ಲ, ನೆನಪಿದೆಯೇ? ಕಟ್ಟಡಕ್ಕೆ ಸುಣ್ಣ ಹೊಡೆದಿಲ್ಲವೆಂದು ಹೆಡ್‌ಮಾಸ್ಟರು ನಮ್ಮನ್ನೆಲ್ಲ ಏರಿಯ ಮೇಲೆ ನಿಲ್ಲಿಸಿದ್ದರು. ನಮ್ಮ ಹಿಂದೆ ತುಂಬಿದ ಕೆರೆ, ಅದರಾಚೆ ಕಣ್ಣು ಹಾಯುವವರೆಗೆ ಒಂದು ಮನೆಯೂ ಇಲ್ಲ. ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ನಮ್ಮ ಊರಲ್ಲಿಲ್ಲ. ನಿಮ್ಮಲ್ಲಿ ಯಾರ ಮನೆಯ ಗೋಡೆಯ ಮೇಲಾದರೂ ಅದು ಉಳಿದಿದ್ದರೆ, ಮಹೋತ್ಸವದ ದಿನ ದಯವಿಟ್ಟು ತನ್ನಿ. ಪ್ರತಿ ಮಾಡಿಸಿಕೊಂಡು ಹಿಂದಿರುಗಿಸುತ್ತೇನೆ.